ಹನ್ನೆರಡು ನಲವತ್ತರ ಗೀಟು

ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ಸರಿಯಾಗಿ ನಾನು ಒಬ್ಬ ಹುಡುಗಿಗೆ ಉಪಕಾರ ಮಾಡಲು ಹೋದೆ. ಕೆಟ್ಟದ್ದೆಲ್ಲ ಶುರುವಾದದ್ದು ಅಲ್ಲಿಂದಲೇ. ಸಮಯ ಇಷ್ಟು ಕರಾರುವಾಕ್ಕಾಗಿ ನೆನಪಿರುವುದಕ್ಕೆ ನನ್ನ ಜ್ಞಾಪಕಶಕ್ತಿ ಕಾರಣವಲ್ಲ. ಅದು ಮಾರುಕಟ್ಟೆಗೆ ಹೋಗಿ ಕೊತ್ತಂಬರಿ ಮರೆತು ಬರುವ ಜಾತಿಯದು. ಪರೀಕ್ಷಾ ಕೊಠಡಿಯ ಕರಿಹಲಗೆಯ ಮೇಲೆ ನಾನೇ ನನ್ನ ಕೈಯಾರೆ ‘12.40’ ಎಂದು ಬರೆದು, ಕೆಳಗೆ ‘ಇನ್ನು ಇಪ್ಪತ್ತು ನಿಮಿಷ’ ಎಂದು ಸೇರಿಸಿ, ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬೆಂಚುಗಳ ಸಾಲಿಗೆ ಇಳಿದಿದ್ದೆ. ಮಾರನೆಯ ದಿನ ಹೋಗಿ ನೋಡಿದಾಗಲೂ ಆ ಬರಹ ಅಲ್ಲೇ ಇತ್ತು. ನಮ್ಮ ಕಾಲೇಜಿನಲ್ಲಿ ಬೇಡದ್ದನ್ನು ಯಾರೂ ಅಳಿಸುವುದಿಲ್ಲ.

ನಾನು ಕುಣಿಗಲ್‌ನ ಒಂದು ಕಾಲೇಜಿನಲ್ಲಿ ಹದಿನೆಂಟು ವರ್ಷಗಳಿಂದ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ದಿನಾ ಬೆಳಿಗ್ಗೆ ಎಂಟೂ ಕಾಲಿನ ಬಸ್ಸು ಹಿಡಿದು ಹೆಬ್ಬೂರಿನ ಮೇಲೆ ಕುಣಿಗಲ್‌ಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸು. ಗಣಿತಕ್ಕೂ ನನಗೂ ಎಸ್ಸೆಸ್ಸೆಲ್ಸಿಯಲ್ಲೇ ಗೌರವಯುತವಾಗಿ ಬೇರ್ಪಡೆಯಾಗಿದೆ. ಮೂವತ್ತಾರು ಬಂದಿತ್ತು. ಗುಬ್ಬಿಯಲ್ಲಿ ನಮ್ಮಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದ್ದರು. ಎದುರು ಮನೆಯ ಅಜ್ಜಿ ಬಾಯಿಗೆ ಸಕ್ಕರೆ ಹಾಕಿಕೊಂಡು, "ನೂರಕ್ಕಾ, ಐವತ್ತಕ್ಕಾ?" ಎಂದು ಕೇಳಿದಾಗ ಅಪ್ಪ ಉತ್ತರ ಹೇಳದೆ ಇನ್ನೊಂದು ಚಮಚ ಕೊಟ್ಟರು. ಹಾಗಿದ್ದ ನನ್ನನ್ನು ಕ್ಯಾಲ್ಕುಲಸ್ ಪರೀಕ್ಷೆಯ ಕಾವಲಿಗೆ ಹಾಕಿದ್ದು ಏಕೆಂದರೆ, ಯಾವ ವಿಷಯದ ಪರೀಕ್ಷೆಯೋ ಆ ವಿಷಯ ತಿಳಿದವರು ಆ ಕೊಠಡಿಯಲ್ಲಿ ಇರಬಾರದು ಎಂಬ ನಿಯಮವಿದೆ. ಆ ಅರ್ಹತೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಾಲೇಜಿನಲ್ಲಿ ಇನ್ನೊಬ್ಬರಿಲ್ಲ.

ಪರೀಕ್ಷೆಯ ಕಾವಲು ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು. ಮೂರು ಗಂಟೆ ಓದುವಂತಿಲ್ಲ, ಫೋನು ಮುಟ್ಟುವಂತಿಲ್ಲ, ಕೂರುವಂತಿಲ್ಲ, ಮಾತಾಡುವಂತಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ಫ್ಯಾನುಗಳನ್ನು ಎಣಿಸಿ ಮುಗಿಸುತ್ತೇವೆ, ಎಂಟರಲ್ಲಿ ಆರು ತಿರುಗುತ್ತವೆ. ಆಮೇಲೆ ಮಕ್ಕಳ ಮುಖ ನೋಡುವುದೊಂದೇ ಉಳಿಯುವುದು. ಆ ದಿನದ ಮುಖಗಳನ್ನು ನಾನು ಮರೆಯಲಾರೆ. ಉಳಿದ ಪರೀಕ್ಷೆಗಳಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಪೆನ್ನುಗಳು ಸರಸರ ಓಡುತ್ತವೆ. ಆವತ್ತು ಹತ್ತು ನಿಮಿಷವಾದರೂ ಒಂದು ಪೆನ್ನೂ ಅಲ್ಲಾಡಲಿಲ್ಲ. ಮಧು ಎನ್ನುವ ಹುಡುಗನೊಬ್ಬ ಪತ್ರಿಕೆಯನ್ನು ತಿರುಗಿಸಿ, ಹಿಂಬದಿಯಲ್ಲಿ ಇನ್ನಾವುದಾದರೂ ದಯಾಳು ಪ್ರಶ್ನೆಗಳಿವೆಯೇ ಎಂದು ನೋಡಿ, ಅಲ್ಲಿ ಬರೀ ಬಿಳಿ ಇರುವುದು ಕಂಡು, ಮತ್ತೆ ಮುಂದಕ್ಕೆ ತಿರುಗಿಸಿದ. ಕಿಟಕಿಯ ಪಕ್ಕ ಕೂತಿದ್ದ ಪವಿತ್ರ ಮಾತ್ರ ಬಡಗಿಯ ಹಾಗೆ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ ಬರೆಯತೊಡಗಿದಳು.

ಈ ಪವಿತ್ರ ಹೆಬ್ಬೂರಿನವಳು. ಬಿ.ಎಸ್ಸಿ. ಮೂರನೆಯ ವರ್ಷ. ಎಲ್ಲ ವಿಷಯವೂ ಪಾಸಾಗಿ ಎರಡನೆಯ ಸೆಮಿಸ್ಟರಿನ ಕ್ಯಾಲ್ಕುಲಸ್ ಒಂದೇ ಉಳಿದುಕೊಂಡಿತ್ತು. ಹಿಂದೆ ಎರಡು ಸಲ ಬರೆದಿದ್ದಳು, ಎರಡು ಸಲವೂ ಸ್ವಲ್ಪದರಲ್ಲಿ ಹೋಗಿತ್ತು. ಈ ಸಲ ಪಾಸಾಗಲೇಬೇಕಿತ್ತು. ಗುಬ್ಬಿಯ ಒಂದು ಸಣ್ಣ ಶಾಲೆಯಲ್ಲಿ ಗಣಿತದ ಮಿಸ್ ಕೆಲಸಕ್ಕೆ ಪಾಠ ಮಾಡಿ ತೋರಿಸಿ ಬಂದಿದ್ದಳು. ಅವರಿಗೆ ಹಿಡಿಸಿತ್ತು. ‘ಡಿಗ್ರಿ ಪಾಸಾಗಿರೋದು ತೋರಿಸಿದ ದಿನ ಬಂದು ಸೇರಿಕೋ’ ಎಂದಿದ್ದರು. ಇದು ನನಗೆ ಹೇಗೆ ಗೊತ್ತೆಂದರೆ, ಅವಳೂ ನನ್ನ ಬಸ್ಸಿನವಳೇ. ಆ ಬಸ್ಸಿನಲ್ಲಿ ಗುಟ್ಟು ಎಂಬುದಕ್ಕೆ ಸೀಟಿಲ್ಲ.

ಹನ್ನೆರಡು ನಲವತ್ತಕ್ಕೆ ನಾನು ಅವಳ ಬೆಂಚಿನ ಬಳಿ ನಿಂತೆ. ಅವಳು ಬರೆದು ಮುಗಿಸಿ ಉಸಿರು ಬಿಡುತ್ತಿದ್ದಳು. ಪ್ರಶ್ನೆಪತ್ರಿಕೆಯ ಎರಡನೆಯ ಭಾಗದಲ್ಲಿ ‘ಎಂಟರಲ್ಲಿ ಯಾವುದಾದರೂ ಐದಕ್ಕೆ ಉತ್ತರಿಸಿ’ ಎಂದಿತ್ತು. ಒಂದೊಂದಕ್ಕೂ ಐದು ಅಂಕ. ಇವಳು ಆರು ಬರೆದಿದ್ದಳು. ಉತ್ತರಪತ್ರಿಕೆಯ ಮುಖಪುಟದಲ್ಲಿ ಸಾಸಿವೆ ಗಾತ್ರದ ಅಕ್ಷರಗಳಲ್ಲಿ, ಹೆಚ್ಚಿಗೆ ಬರೆದ ಉತ್ತರವನ್ನು ವಿದ್ಯಾರ್ಥಿಯೇ ಹೊಡೆದುಹಾಕಬೇಕು ಎಂದು ಅಚ್ಚಾಗಿದೆ. ನಾನು ಸಂವಿಧಾನ ಪಾಠ ಮಾಡುವವಳು. ಅಚ್ಚಾದ ನಿಯಮ ಕಂಡರೆ ನನಗೆ ದೇವರ ಪಟ ಕಂಡಂತೆ. ಬಗ್ಗಿ ಮೆಲ್ಲಗೆ, "ಐದೇ ಕೇಳಿರೋದಮ್ಮ, ಒಂದು ಜಾಸ್ತಿ ಆಗಿದೆ. ಒಂದನ್ನ ಹೊಡೆದುಹಾಕು. ಇಲ್ಲಿ ಬರೆದಿದೆ ನೋಡು," ಎಂದೆ. ಪ್ರಶ್ನೆಯ ಬಗ್ಗೆ ಏನೂ ಹೇಳಲಿಲ್ಲವಲ್ಲ, ನಿಯಮವನ್ನಷ್ಟೇ ಓದಿದೆನಲ್ಲ ಎಂದು ನನ್ನ ಸಮಾಧಾನ. ಅವಳು ಇಂಜೆಕ್ಷನ್ ಚುಚ್ಚಿಸಿಕೊಳ್ಳುವವಳಂತೆ ನನ್ನ ಮುಖ ನೋಡಿದಳು. ಹಾಳೆ ಮಗುಚಿದಳು, ಮತ್ತೆ ಮಗುಚಿದಳು. ಕೊನೆಗೆ ಒಂದು ಉತ್ತರದ ಮೇಲೆ ಓರೆಯಾಗಿ ಉದ್ದಕ್ಕೊಂದು ಗೀಟು ಎಳೆದಳು. ಆ ಉತ್ತರದ ಕೊನೆಯಲ್ಲಿ ಚೌಕ ಹಾಕಿ ‘5π/32’ ಎಂದು ಬರೆದಿದ್ದಳು. ನಮ್ಮ ಮನೆ ನಂಬರೂ ಮೂವತ್ತೆರಡೇ ಆದ್ದರಿಂದ ಅದು ಕಣ್ಣಿನಲ್ಲಿ ಕೂತಿತು. ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ನಾನು ಹಿಂದಿನ ಬೆಂಚುಗಳ ಕಡೆ ನಡೆದೆ.

ಆ ತೃಪ್ತಿ ಸುಮಾರು ಐವತ್ತು ನಿಮಿಷ ಬಾಳಿತು. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿದ್ದೆ. ಗಣಿತದ ನಂಜೇಗೌಡರು ಯಾವುದೋ ಹಳೆಯ ನೋಟಿಸಿನ ಬೆನ್ನಿನ ಮೇಲೆ ಆ ಪ್ರಶ್ನೆಪತ್ರಿಕೆ ಬಿಡಿಸುತ್ತಾ, "ಕಷ್ಟ ಕೊಟ್ಟವ್ರೆ ಮೇಡಂ, ಪಾಪ ಮಕ್ಳು," ಎನ್ನುತ್ತಿದ್ದರು. ಒಂದು ಲೆಕ್ಕ ಮುಗಿಸಿ ಚೌಕ ಹಾಕಿದರು. ಬಗ್ಗಿ ನೋಡಿದರೆ, 5π/32.

"ಇದು... ಸರಿಯಾದ ಉತ್ತರವಾ ಸರ್?" ಎಂದೆ.

"ನಾನು ಮಾಡಿದ ಮೇಲೆ ಸರಿನೇ ಅಲ್ವಾ ಮೇಡಂ?" ಎಂದರು. ಅವರ ಸ್ವಭಾವವೇ ಹಾಗೆ.

"ಅಲ್ಲ, ಇಂಥದ್ದನ್ನ ಯಾರಾದ್ರೂ ಬರೆದು ಹೊಡೆದುಹಾಕಿದ್ರೆ?"

"ಹೊಡೆದ್ರೆ ಹೋಯ್ತು. ಗೀಟು ಹಾಕಿದ್ದನ್ನ ನಾವು ನೋಡಲ್ಲ."

"ಮತ್ತೆ ಐದು ಕೇಳಿದ ಕಡೆ ಆರು ಬರೆದಿದ್ರೆ?"

"ಆರನ್ನೂ ನೋಡ್ತೀವಿ. ಚೆನ್ನಾಗಿರೋ ಐದು ತಗೋತೀವಿ, ಒಂದು ಬಿಡ್ತೀವಿ. ಮಕ್ಳು ಜಾಸ್ತಿ ಬರೆದ್ರೆ ನಮ್ಮ ಗಂಟೇನ್ ಹೋಗುತ್ತೆ?"

"ಆದರೆ ಮುಖಪುಟದಲ್ಲಿ ಹೆಚ್ಚಿಗೆ ಬರೆದಿದ್ದನ್ನ ಹೊಡೆದುಹಾಕಬೇಕು ಅಂತ ಪ್ರಿಂಟ್ ಆಗಿದೆಯಲ್ಲ ಸರ್?"

ನಂಜೇಗೌಡರು ನನ್ನನ್ನು ಕನಿಕರದಿಂದ ನೋಡಿದರು. "ಅದನ್ನ ಯಾರ್ ಓದ್ತಾರೆ ಮೇಡಂ?"

ನಾನು ಓದುತ್ತೇನೆ. ಇಡೀ ಜಿಲ್ಲೆಯಲ್ಲಿ ಅದನ್ನು ಓದುವವಳು ನಾನೊಬ್ಬಳೇ ಇರಬೇಕು. ಡಬ್ಬಿ ಮುಚ್ಚಿದೆ. ಆ ದಿನದ ಚಿತ್ರಾನ್ನ ಸಂಜೆ ನನ್ನ ಜೊತೆಗೇ ಉಪ್ಪಾರಹಳ್ಳಿಗೆ ವಾಪಸಾಯಿತು.

ಹಾಗೆ ನೋಡಿದರೆ ನಾನು ಭಯ ಕಂಡಿಲ್ಲವೆಂದಲ್ಲ. ಒಮ್ಮೆ ನಮ್ಮ ಬಸ್ಸಿನ ಬ್ರೇಕು ಕೈಕೊಟ್ಟು ಕೆರೆ ಏರಿಯ ಮೇಲೆ ಹೋಗಿ ನಿಂತಿತ್ತು. ಎಲ್ಲರೂ ಇಳಿದು, ನೀರು ಕುಡಿದು, ಇನ್ನೊಂದು ಬಸ್ಸು ಹತ್ತಿ, ಮಾರನೆಯ ದಿನಕ್ಕೆ ಮರೆತೆವು. ಈ ಗೀಟು ಹಾಗೆ ಮರೆಯುವಂಥದ್ದಲ್ಲ. ಹಾಸಿಗೆಗೆ ತಲೆ ಕೊಟ್ಟರೆ ಸಾಕು, ಅದು ಶುರುವಾಗುತ್ತಿತ್ತು. ಕರಿಹಲಗೆ, ಸೀಮೆಸುಣ್ಣ, ಬೆಂಚಿನ ಸಾಲು, ನನ್ನ ಚಪ್ಪಲಿಯ ಸದ್ದು, ನನ್ನ ಆ ಹಾಳು ಮೃದುವಾದ ದನಿ. ಪ್ರತಿ ಸಲವೂ ‘ಸುಮ್ಮನೆ ಮುಂದೆ ಹೋಗು’ ಎಂದು ನಾನು ನನಗೇ ಹೇಳುತ್ತಿದ್ದೆ, ಪ್ರತಿ ಸಲವೂ ನೆನಪಿನೊಳಗಿನ ನಾನು ಮುಂದೆ ಹೋಗದೆ ಬಗ್ಗುತ್ತಿದ್ದೆ. ಒಂದು ವಾರ ನೋಡಿ ನಮ್ಮೆಜಮಾನರು ಕೇಳಿದರು. ಅವರು ವಿದ್ಯುತ್ ಇಲಾಖೆಯಲ್ಲಿದ್ದಾರೆ. ತಂತಿ ಕಡಿದಿದ್ದರೆ ಸೇರಿಸು, ಇಲ್ಲದಿದ್ದರೆ ಸುಮ್ಮನಿರು ಎನ್ನುವ ಮನುಷ್ಯ.

"ನೀನೇನು ಆ ಹುಡುಗಿ ಕೈ ಹಿಡಿದು ಗೀಟು ಎಳೆಸಿದ್ಯಾ ಸುಮಾ?"

"ಇಲ್ಲ ರೀ. ಹೊಡೆದುಹಾಕು ಅಂದೆ ಅಷ್ಟೆ."

"ಯಾವುದನ್ನ ಅಂತ ಹೇಳಿದ್ಯಾ?"

"ಇಲ್ಲ."

"ಮತ್ತೆ ತಪ್ಪನ್ನ ಬಿಟ್ಟು ಸರಿಯಾಗಿರೋದನ್ನ ಹೊಡ್ಕೊಂಡಿದ್ದು ಅವಳು. ಮಲಕ್ಕೊ."

ವಾದ ಚೆನ್ನಾಗಿತ್ತು. ಅದನ್ನು ಹೇಳಿದವರಿಗೆ ಎರಡೇ ನಿಮಿಷದಲ್ಲಿ ಗೊರಕೆ ಬಂತು. ಕೇಳಿದವಳಿಗೆ ಬರಲಿಲ್ಲ.

ಇನ್ನು ಬಸ್ಸಿನ ಕಥೆ. ಪರೀಕ್ಷೆ ಮುಗಿದ ಮೇಲೆ ಇವರೆಲ್ಲ ಊರಿನಲ್ಲಿ ಇದ್ದುಬಿಟ್ಟಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಆದರೆ ಪವಿತ್ರ, ಅವಳ ಗೆಳತಿ ಚೈತ್ರಾ, ಆ ಮಧು, ಮೂವರೂ ಕುಣಿಗಲ್‌ನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿಕೊಂಡರು. ನನಗೆ ಅಡ್ಮಿಷನ್ನಿನ ಕೆಲಸ. ಹೀಗಾಗಿ ಅದೇ ಎಂಟೂ ಕಾಲಿನ ಬಸ್ಸು. ಹೆಬ್ಬೂರಿನಲ್ಲಿ ಮೂವರೂ ಹತ್ತುತ್ತಿದ್ದರು. ಹತ್ತಿದ ಕೂಡಲೇ ಮೌಲ್ಯಮಾಪನ ಪ್ರಾರಂಭ. ಎಂಬತ್ತು ಅಂಕದ ಪತ್ರಿಕೆ, ಪಾಸಾಗಲು ಇಪ್ಪತ್ತೆಂಟು. ಆ ಇಪ್ಪತ್ತೆಂಟನ್ನು ಅವರು ದಿನಾ ಹೊಸದಾಗಿ ಕಟ್ಟುತ್ತಿದ್ದರು. ಅವರ ಪ್ರಕಾರ ಅಂಕಗಳಲ್ಲಿ ಮೂರು ಜಾತಿ. ಗ್ಯಾರಂಟಿ ಮಾರ್ಕ್ಸು, ಲೆಕ್ಕ ತಪ್ಪಿದರೂ ದಾರಿ ಸರಿಯಿದ್ದದ್ದಕ್ಕೆ ಸ್ಟೆಪ್ ಮಾರ್ಕ್ಸು, ಮತ್ತು ಪಾಪ ಮಾರ್ಕ್ಸು. ಈ ಕೊನೆಯದು ಮೌಲ್ಯಮಾಪಕರು ಕೈಬರಹ ನೋಡಿ ‘ಅಯ್ಯೋ ಪಾಪ’ ಎಂದು ಹಾಕುವುದು. ಮಧುವಿನ ಲೆಕ್ಕದಲ್ಲಿ ಮುಕ್ಕಾಲುಪಾಲು ಪಾಪದ್ದೇ.

"ಮಧು, ನೀನು ಆರನೇದಕ್ಕೆ ಏನ್ಲಾ ಬರೆದೆ?" ಎಂದು ಚೈತ್ರಾ ಕೇಳುತ್ತಿದ್ದಳು.

"ಫಾರ್ಮುಲಾ ಬರ್ದೆ. ಕೆಳಗೆ ‘ದೇರ್‌ಫೋರ್’ ಅಂತ ಮೂರು ಚುಕ್ಕಿ ಇಟ್ಟೆ."

"ಆಮೇಲೆ?"

"ಆಮೇಲೆ ಏನಿಲ್ಲ. ಚುಕ್ಕಿಗೆ ಒಂದು ಮಾರ್ಕ್ ಕೊಡಲ್ವಾ?"

ಪವಿತ್ರಳ ಸರದಿ ಬಂದಾಗ ನಾನು ಕಿಟಕಿಯ ಹೊರಗಿನ ತೆಂಗಿನ ತೋಟಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಕಿವಿ ಮಾತ್ರ ಹಿಂದಿನ ಸೀಟಿನಲ್ಲೇ ಇರುತ್ತಿತ್ತು. ಎರಡನೆಯ ವಾರದಲ್ಲೊಂದು ದಿನ ಚೈತ್ರಾ ಹೇಳಿದಳು: "ಆ ಸೈನ್ ಪವರ್ ಸಿಕ್ಸ್ ಇಂಟಿಗ್ರಲ್‌ಗೆ ಐದು ಪೈ ಬೈ ಮೂವತ್ತೆರಡಂತೆ ಕಣೇ. ನಂಜೇಗೌಡ ಸರ್ ಹೇಳಿದ್ರು. ನಿಂದೆಷ್ಟು ಬಂತು?"

"ನಂದೂ ಅದೇ ಬಂದಿತ್ತು," ಎಂದಳು ಪವಿತ್ರ. ‘ಬಂದಿತ್ತು’ ಎಂದಳು.

"ಮತ್ತೇನೇ? ಐದು ಸೇರಿಸ್ಕೊ. ಮೂವತ್ತೊಂದಾಯ್ತು, ಪಾಸು."

"ಅದನ್ನ ಬಿಟ್ಟು ಲೆಕ್ಕ ಹಾಕೇ."

"ಯಾಕೆ?"

"ಬಿಟ್ಟು ಹಾಕು ಅಂದ್ನಲ್ಲ."

ಬಿಟ್ಟು ಹಾಕಿದರೆ ಇಪ್ಪತ್ತಾರು. ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ನಿಂತು ಕೇಳಿಸಿಕೊಂಡ. "ಏನವ್ವ, ನಿನ್ನೆ ಇಪ್ಪತ್ತೊಂಬತ್ತು ಅಂತಿದ್ದೆ. ರಾತ್ರೋರಾತ್ರಿ ಮೂರು ಎಲ್ಲಿಗ್ ಹೋಯ್ತು?" ಎಲ್ಲರೂ ನಕ್ಕರು. ಪವಿತ್ರಳೂ ನಗಲು ಹೊರಟು, ನಾನು ತಿರುಗಿ ನೋಡಿದ್ದನ್ನು ಕಂಡು, ಥಟ್ಟನೆ ದುಪಟ್ಟಾ ಮುಖಕ್ಕೆ ಎಳೆದುಕೊಂಡು ಕಿಟಕಿಯತ್ತ ತಿರುಗಿದಳು. ಆ ದಿನದಿಂದ ಅವಳು ನನ್ನ ಕಣ್ಣು ತಪ್ಪಿಸತೊಡಗಿದಳು. ನಾನು ಮುಂದಿದ್ದರೆ ಅವಳು ಹಿಂದಿನ ಬಾಗಿಲಿನಿಂದ ಹತ್ತುವಳು, ನಾನು ಹಿಂದಿದ್ದರೆ ಮುಂದಿನಿಂದ. ಮೊದಲೆಲ್ಲ ‘ನಮಸ್ತೆ ಮೇಡಂ’ ಎಂದು ಹಲ್ಲು ಬಿಡುತ್ತಿದ್ದ ಹುಡುಗಿ. ಸಿಟ್ಟು ಬಾರದೆ ಇರುತ್ತದೆಯೇ ಎಂದುಕೊಂಡೆ. ಸಿಟ್ಟಿಗಾದರೂ ಉತ್ತರ ಕೊಡಬಹುದಿತ್ತು. ಉಪ್ಪಾರಹಳ್ಳಿಯಿಂದ ಹೆಬ್ಬೂರಿನವರೆಗೆ ದಿನಾ ಬಾಯಿಪಾಠ ಮಾಡುತ್ತಿದ್ದೆ, ‘ನೋಡು ಪವಿತ್ರ, ಆವತ್ತು ನಾನು ಹೇಳಬಾರದಿತ್ತು’ ಎಂದು. ಹೆಬ್ಬೂರಿನಲ್ಲಿ ಅವಳು ಹತ್ತುತ್ತಿದ್ದಂತೆ ನಾನು ಮತ್ತೆ ತೆಂಗಿನ ತೋಟಗಳ ಕಡೆ ತಿರುಗುತ್ತಿದ್ದೆ. ಪ್ರಜೆಯ ಹಕ್ಕು, ಅಭಿವ್ಯಕ್ತಿ ಸ್ವಾತಂತ್ರ್ಯ ಎಂದು ಗಂಟೆಗಟ್ಟಲೆ ಮಾತಾಡುವ ನನಗೆ ‘ನನ್ನದು ತಪ್ಪಾಯಿತು’ ಎಂಬ ಮಾತನ್ನು ಮೂವತ್ತೈದು ಕಿಲೋಮೀಟರಿನಲ್ಲಿ ಹೇಳಲಾಗಲಿಲ್ಲ.

ನಂಜೇಗೌಡರಿಗೆ ಮಾತ್ರ ಒಂದು ದಿನ ಎಲ್ಲ ಹೇಳಿಕೊಂಡೆ. ಅವರು ಮೌಲ್ಯಮಾಪನಕ್ಕೆ ಹೊರಟಿದ್ದರು. ನಾನು ಇನ್ನೂ ಏನೂ ಕೇಳಿರಲಿಲ್ಲ, ಅವರೇ, "ಕೋಡ್ ಹಾಕಿರ್ತಾರೆ ಮೇಡಂ, ಯಾರದ್ದು ಅಂತ ಗೊತ್ತಾಗಲ್ಲ. ನಮ್ಮ ಕಾಲೇಜಿಂದು ನಮಗೆ ಬರೋದೂ ಇಲ್ಲ," ಎಂದರು. ಕೇಳುವ ಯೋಚನೆ ನನ್ನಲ್ಲಿತ್ತೆಂದು ನನ್ನ ಮುಖ ಹೇಳಿರಬೇಕು. ಅಚ್ಚಾದ ನಿಯಮ ಪೂಜಿಸುವವಳಿಗೆ ಎಂಥ ಯೋಚನೆ. ಅವರು ಬ್ಯಾಗು ಹೆಗಲಿಗೆ ಹಾಕಿಕೊಂಡು, "ಒಂದು ಮಾತು ಕೇಳ್ಲಾ? ಅಷ್ಟು ಸರಿಯಾಗಿ ಮಾಡಿದ್ದನ್ನ ಆ ಹುಡುಗಿ ಯಾಕೆ ಹೊಡೆದ್ಲು?" ಎಂದರು. ತಿಳಿಯದು ಎಂದೆ. "ನಾನು ಹೇಳ್ತೀನಿ. ಉತ್ತರ ನೋಡಕ್ಕೆ ಚೆನ್ನಾಗಿಲ್ಲ. ಸೊನ್ನೆ ಬಂದ್ರೆ, ಒಂದು ಬಂದ್ರೆ, ಪೈ ಬೈ ಟೂ ಬಂದ್ರೆ ನಂಬ್ತಾರೆ. ಐದು ಬೈ ಮೂವತ್ತೆರಡು ಅಂದ್ರೆ ಎಲ್ಲೋ ಎಡವಟ್ಟಾಗಿದೆ ಅಂದ್ಕೋತಾರೆ. ಇಪ್ಪತ್ತೆರಡು ವರ್ಷದಿಂದ ನೋಡ್ತಾ ಇದೀನಿ, ಮಕ್ಳಿಗೆ ತಾವು ಮಾಡಿದ್ದು ಸರಿ ಇರಬಹುದು ಅನ್ನೋ ನಂಬಿಕೆನೇ ಇಲ್ಲ." ಅವರು ಹೋದ ಮೇಲೂ ಆ ಮಾತು ಅಲ್ಲೇ ಕೂತಿತ್ತು. ಅಷ್ಟು ಕಷ್ಟಪಟ್ಟು ಸರಿಯಾದ ಉತ್ತರಕ್ಕೆ ಬಂದವಳು ಅದನ್ನು ನಂಬದೆ ನಿಂತಿದ್ದಾಗ, ನಂಬು ಎನ್ನುವ ಬದಲು ಹೊಡೆದುಹಾಕು ಎಂದವಳು ನಾನು.

ಒಂದು ಭಾನುವಾರ ಗುಬ್ಬಿಗೆ ನನ್ನ ತಂಗಿಯ ಮನೆಗೆ ಹೋಗಿದ್ದೆ. ಬಸ್ಸಿಳಿದು ಬರುವಾಗ ಆ ಶಾಲೆಯ ಗೇಟು ಕಂಡಿತು. ಗೇಟಿಗೆ ಕಟ್ಟಿದ ರಟ್ಟಿನಲ್ಲಿ, ‘ಗಣಿತ ಶಿಕ್ಷಕರು ಬೇಕಾಗಿದ್ದಾರೆ.’ ಮಸಿ ಹೊಸದು. ಹೆಡ್‌ಮಿಸ್ ಅಂಗಳದಲ್ಲೇ ನಿಂತು ಗಿಡಗಳಿಗೆ ನೀರು ಹಾಯಿಸುತ್ತಿದ್ದರು. ನಾನು ಯಾರೋ ದಾರಿಹೋಕಳ ಹಾಗೆ ಕೇಳಿದೆ. "ಒಬ್ಬಳು ಹುಡುಗಿಗೆ ಹೇಳಿದ್ದೀವಿ. ಅವಳ ರಿಸಲ್ಟೇ ಬಂದಿಲ್ಲ. ಈ ತಿಂಗಳು ಕಳೀಲಿ ಅಂತಿದೀವಿ. ಕಮಿಟಿಯವರು ಬೋರ್ಡ್ ಹಾಕು ಅಂದ್ರು, ಹಾಕಿದೆ," ಎಂದವರು, ಕೇಳದಿದ್ದರೂ ಮುಂದುವರಿಸಿದರು. "ಅವಳು ಪಾಠ ಮಾಡಿ ತೋರಿಸಕ್ಕೆ ಬಂದಾಗ ತೆಂಗಿನಕಾಯಿ ತಂದಿದ್ಲು. ಅರ್ಧ ಅಂದ್ರೇನು ಅಂತ ತೋರಿಸಕ್ಕೆ ಮಕ್ಕಳ ಮುಂದೆನೇ ಒಡೆದ್ಲು. ನಮ್ಮ ನಾಲ್ಕನೇ ಕ್ಲಾಸಿನ ಒಂದು ತರಲೆ, ಮಿಸ್, ಕಣ್ಣಿರೋ ಹೋಳು ದೊಡ್ಡದು, ಇದು ಅರ್ಧ ಅಲ್ಲ, ಅಂತು. ಬೇರೆ ಯಾರಾದ್ರೂ ಆಗಿದ್ರೆ ಬಾಯಿ ಮುಚ್ಚು ಅಂತಿದ್ರು. ಇವಳು ಎರಡು ಹೋಳನ್ನೂ ಕೈಲಿ ಹಿಡ್ಕೊಂಡು, ಹೌದಲ್ಲ, ಹಂಗಾದ್ರೆ ಇದನ್ನ ಅರ್ಧ ಮಾಡಕ್ಕೆ ಏನ್ ಮಾಡೋಣ, ಅಂದ್ಲು. ಮಕ್ಕಳು ಒಂದು ಗಂಟೆ ಬಿಡ್ಲಿಲ್ಲ ಅವಳನ್ನ." ತಂಗಿ ಮನೆಯಲ್ಲಿ ಹೋಳಿಗೆ ಮಾಡಿದ್ದಳು. ಅರ್ಧ ತಿಂದು ಎದ್ದೆ.

ಫಲಿತಾಂಶ ಬಂದದ್ದು ಒಂದು ಗುರುವಾರ. ಮಧ್ಯಾಹ್ನ ಕಾಲೇಜಿನ ಆಫೀಸಿನಲ್ಲಿ ಒಂದೇ ಕಂಪ್ಯೂಟರು, ಅದರ ಸುತ್ತ ಇಪ್ಪತ್ತು ತಲೆ. ನಾನು ಅಡ್ಮಿಷನ್ ಫಾರಂಗಳ ನೆಪದಲ್ಲಿ ಬಾಗಿಲ ಬಳಿ ನಿಂತಿದ್ದೆ. ಮೊದಲು ಮಧುವಿನದು ತೆರೆಯಿತು. ಹತ್ತೊಂಬತ್ತು. ಅವನು ಪರದೆಯನ್ನು ಸ್ವಲ್ಪ ಹೊತ್ತು ನೋಡಿ, "ಪಾಪ ಅಂತ ಯಾರಿಗೂ ಅನ್ನಿಸಿಲ್ಲ ಬುಡು," ಎಂದು ಬದಿಗೆ ಸರಿದ. ಆಮೇಲೆ ಚೈತ್ರಾಳದು, ಪಾಸು. ಆಮೇಲೆ ಪವಿತ್ರಳದು. ಚೈತ್ರಾಳೇ ಓದಿದಳು: "ಮೂವತ್ತು. ಏಯ್, ಮೂವತ್ತು ಕಣೇ."

ಪವಿತ್ರ ನಗಲಿಲ್ಲ, ಅಳಲಿಲ್ಲ. ಗುಂಪಿನಿಂದ ಹೊರಬಂದು ನೇರ ನನ್ನ ಎದುರು ನಿಂತಳು. ಆರು ವಾರಗಳಲ್ಲಿ ಮೊದಲ ಸಲ ನನ್ನ ಕಣ್ಣು ನೋಡಿದಳು.

"ಮೇಡಂ, ಒಂದು ತಪ್ಪು ಮಾಡಿದ್ದೆ. ಯಾರಿಗೂ ಹೇಳ್ಬೇಡಿ."

"ನೀನು ಮಾಡಿದ್ಯಾ?"

"ಆವತ್ತು ನೀವು ಹೊಡೆದುಹಾಕು ಅಂದ್ರಲ್ಲ, ನಾನು ಹೊಡೀಲಿಲ್ಲ."

ನಾನೇ ನೋಡಿದೆನಲ್ಲ, ಉದ್ದಕ್ಕೆ ಗೀಟು ಎಳೆದೆಯಲ್ಲ ಎಂದೆ. "ಅದು ಪೆನ್ಸಿಲ್ ಮೇಡಂ. ನೀವು ಹಿಂದಿನ ಬೆಂಚಿಗೆ ಹೋದ್ರಲ್ಲ, ಆವಾಗ ಕೊನೇ ಪುಟದಲ್ಲಿ ಇನ್ನೊಂದ್ಸಲ ಮಾಡಿ ನೋಡ್ದೆ. ಮತ್ತೆ ಅದೇ ಬಂತು. ಎರಡು ಸಲನೂ ಅದೇ ಕೆಟ್ಟ ನಂಬರ್ ಬರ್ಬೇಕಾದ್ರೆ ಸರಿ ಇರ್ಬೇಕು ಅನ್ಸಿ, ರಬ್ಬರಲ್ಲಿ ಅಳಿಸ್ಬಿಟ್ಟೆ. ಬೇರೆ ಯಾವುದನ್ನ ಹೊಡೀಬೇಕು ಅಂತ ಯೋಚನೆ ಮಾಡೋಷ್ಟರಲ್ಲಿ ಬೆಲ್ ಆಯ್ತು. ಆದ್ರೆ ಪೂರ್ತಿ ಅಳೀಲಿಲ್ಲ ಮೇಡಂ. ಉಜ್ಜಿ ಉಜ್ಜಿ ಹಾಳೆ ಕಿತ್ತು ಬಂದಂಗಾಯ್ತು. ಗೀಟು ಇದೆ ಅಂತ ನೋಡ್ದೇ ಬಿಡ್ತಾರೇನೋ ಅಂತ ಆ ಐದು ಮಾರ್ಕ್ಸ್ ಲೆಕ್ಕಕ್ಕೇ ಸೇರಿಸ್ಲಿಲ್ಲ. ಉತ್ತರಪತ್ರಿಕೆ ಮೇಲೆ ಗುರುತು ಗಿರುತು ಇದ್ರೆ ಕಾಪಿ ಕೇಸ್ ಹಾಕ್ತಾರೆ ಅಂತ ಮಧು ಹೇಳ್ದ. ಅವತ್ತಿಂದ ನಿದ್ದೆ ಇಲ್ಲ. ನೀವು ಬಸ್ಸಲ್ಲಿ ನನ್ನೇ ನೋಡ್ತಿದ್ರಿ. ಹೊಡೆದ್ಯಾ ಅಂತ ಕೇಳ್ತೀರ, ಇಲ್ಲ ಅಂದ್ರೆ ಬೈತೀರ ಅಂತ ನಾನು ಹಿಂದಿನ ಬಾಗಿಲಲ್ಲಿ ಹತ್ತುತಿದ್ದೆ."

ಹೀಗೆ ಒಂದೇ ಬಸ್ಸಿನಲ್ಲಿ, ಒಂದೇ ಗೀಟಿಗೆ, ಇಬ್ಬರು ಹೆದರಿಕೊಂಡು ಓಡಾಡಿದ್ದೆವು. ಗೀಟು ಉಳಿಯಿತಲ್ಲ ಎಂದು ನಾನು, ಅಳಿಯಲಿಲ್ಲವಲ್ಲ ಎಂದು ಅವಳು. ನಾನು ಅವಳ ಕೈ ಹಿಡಿದುಕೊಂಡು, ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಮಾತುಗಳನ್ನೆಲ್ಲ ಅಲ್ಲೇ ಆಫೀಸಿನ ಬಾಗಿಲಲ್ಲಿ ಒಪ್ಪಿಸಿದೆ. ಅವಳಿಗೆ ಅರ್ಥವಾದಂತೆ ಕಾಣಲಿಲ್ಲ. "ನೀವ್ಯಾಕೆ ಮೇಡಂ ಹೆದರಿದ್ರಿ? ನಿಮಗೇನ್ ಪರೀಕ್ಷೆ ಇತ್ತಾ?" ಎಂದಳು.

ಆ ರಾತ್ರಿ ಪವಿತ್ರ ಒಂಬತ್ತಕ್ಕೇ ಮಲಗಿ ಬೆಳಗಾದ ಮೇಲೆ ಎದ್ದಳಂತೆ. ನಾನು? ನನಗೆ ಇನ್ನೊಂದು ಯೋಚನೆ ಹತ್ತಿಕೊಂಡಿತು. ಎಂಥ ಭ್ರಮೆಯಲ್ಲಿದ್ದೆ ನಾನು. ನಾನು ಹೇಳಿದ್ದನ್ನು ಮಕ್ಕಳು ಕೇಳುತ್ತಾರೆ ಎಂಬ ನಂಬಿಕೆಯಿಂದ ತಾನೇ ಆರು ವಾರ ನಿದ್ದೆಗೆಟ್ಟದ್ದು? ಪರೀಕ್ಷೆಯ ದಿನ, ಕಿವಿಯ ಹತ್ತಿರ ಬಗ್ಗಿ, ಅಚ್ಚಾದ ಅಕ್ಷರದ ಮೇಲೆ ಬೆರಳಿಟ್ಟು ಹೇಳಿದ ಮಾತನ್ನೇ ಇಪ್ಪತ್ತು ನಿಮಿಷದೊಳಗೆ ರಬ್ಬರಿನಿಂದ ಅಳಿಸಿದ್ದಾಳೆ. ಹಾಗಾದರೆ ಹದಿನೆಂಟು ವರ್ಷ ಕರಿಹಲಗೆಯ ಮುಂದೆ ನಿಂತು ಹೇಳಿದ್ದೆಲ್ಲ ಎಲ್ಲಿ ಹೋಯಿತು? ಅವಳು ಕೇಳದೆ ಇದ್ದದ್ದರಿಂದಲೇ ಪಾಸಾದದ್ದು ನಿಜ. ಆದರೂ ಹೊಟ್ಟೆಯಲ್ಲಿ ಒಂದು ಸಣ್ಣ ಉರಿ.

ಶುಕ್ರವಾರ ಅವಳು ಅಂಕಪಟ್ಟಿಯ ಜೆರಾಕ್ಸಿಗೆ ಸಹಿ ಹಾಕಿಸಲು ಬಂದಳು. ಸಹಿ ಹಾಕುತ್ತಾ, ತಮಾಷೆಯೆಂಬಂತೆ ಕೇಳಿದೆ: "ಮೊದಲನೇ ವರ್ಷ ನಿಮಗೆ ನಾನು ಸಂವಿಧಾನ ಮಾಡಿದ್ನಲ್ಲ, ಒಂದು ಮಾತಾದ್ರೂ ನೆನಪಿದೆಯಾ?"

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. ತುಂಬ ಹೊತ್ತು ಯೋಚಿಸಿದಳು. ನಾನು ಸಹಿಯ ಕೆಳಗೆ ಅಗತ್ಯವಿಲ್ಲದಿದ್ದರೂ ಇನ್ನೊಂದು ಗೆರೆ ಎಳೆದೆ.

"ಪಾಠ ನೆನಪಿಲ್ಲ ಮೇಡಂ. ವೋಟರ್ ಐಡಿ ಫಾರಂ ತುಂಬಿಸಿದ್ರಲ್ಲ, ಅದು ನೆನಪಿದೆ. ಯಾವುದನ್ನೂ ಮೊದಲನೇ ಸಲಕ್ಕೇ ಪೆನ್ನಲ್ಲಿ ಬರೀಬೇಡಿ, ಪೆನ್ಸಿಲಲ್ಲಿ ಬರೆದು ನೋಡಿ, ಸರಿ ಅನ್ಸಿದ್ಮೇಲೆ ಪೆನ್ ಹಿಡೀರಿ ಅಂದಿದ್ರಿ. ಅವತ್ತು ನೀವು ಹೊಡೆದುಹಾಕು ಅಂದಾಗ ಅದಕ್ಕೇ ಪೆನ್ಸಿಲ್ ತಗೊಂಡೆ."

ಹಾಗೆಂದು ನಾನು ಹೇಳಿದ್ದು ನನಗೆ ಇವತ್ತಿಗೂ ನೆನಪಿಲ್ಲ. ಹೇಳಿದ್ದರೂ ಅದು ಫಾರಂಗಳು ಹಾಳಾಗದಿರಲಿ ಎಂಬ ಜಿಪುಣತನಕ್ಕಿರಬೇಕು. ನಾಳೆಯೇ ಗುಬ್ಬಿಗೆ ಹೋಗಿ ಸೇರಿಕೊಳ್ಳುತ್ತೇನೆ ಎಂದು ಅವಳು ಹೊರಟಳು. ಆ ರಾತ್ರಿ ಊಟ ಮಾಡಿ ಸುಮ್ಮನೆ ಒರಗಿದ್ದಷ್ಟೇ ಗೊತ್ತು.

ಆಮೇಲೆ ಗೊತ್ತಾದದ್ದು ಫೋನಿನ ಸದ್ದು. ಕೋಣೆಯ ತುಂಬ ಬಿಸಿಲು. ಗಡಿಯಾರದಲ್ಲಿ ಒಂಬತ್ತೂ ಹತ್ತು. ಎಂಟೂ ಕಾಲಿನ ಬಸ್ಸು ಅಷ್ಟು ಹೊತ್ತಿಗೆ ಕುಣಿಗಲ್ ಹತ್ತಿರ ಇರಬೇಕು. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನಮ್ಮೆಜಮಾನರು, "ಎಬ್ಬಿಸಕ್ಕೆ ಮನಸ್ಸು ಬರ್ಲಿಲ್ಲ," ಎಂದರು.

"ಮೇಡಂ, ಸೇರ್ಕೊಂಡೆ," ಎಂದಿತು ಫೋನಿನಲ್ಲಿ ಪವಿತ್ರಳ ದನಿ. ಹಿಂದೆ ಮಕ್ಕಳ ಗಲಾಟೆ. "ನಾಲ್ಕನೇ ಕ್ಲಾಸ್ ಕೊಟ್ಟಿದಾರೆ. ಈಗ ಬೆಲ್ ಆಗುತ್ತೆ. ನೀವು ಬಸ್ಸಲ್ಲಿದೀರಾ?"

"ಹೂಂನಮ್ಮ, ಬಸ್ಸಲ್ಲೇ. ಹೆಬ್ಬೂರು ದಾಟಿ ಬಂದ್ವಿ," ಎಂದೆ, ಹೊದಿಕೆಯ ಒಳಗಿನಿಂದ. ಹದಿನೆಂಟು ವರ್ಷದ ಸರ್ವಿಸಿನವಳು ಒಂಬತ್ತೂ ಹತ್ತಕ್ಕೆ ಹಾಸಿಗೆಯಲ್ಲಿದ್ದಾಳೆಂದು, ಕೆಲಸಕ್ಕೆ ಸೇರಿದ ಮೊದಲ ದಿನವೇ ಒಬ್ಬ ಟೀಚರಿಗೆ ಹೇಗೆ ಹೇಳುವುದು?

ಆ ಕಡೆ ಅವಳು ಮಕ್ಕಳಿಗೆ ‘ಶ್’ ಎಂದದ್ದು ಕೇಳಿಸಿತು.

"ನಮ್ಮಪ್ಪ ನಿಮಗೆ ಎಳನೀರು ಕೊಡ್ಬೇಕು ಅಂತ ಹೆಬ್ಬೂರಲ್ಲಿ ಕಾಯ್ತಿದ್ರು ಮೇಡಂ. ಬಸ್ ಪೂರ್ತಿ ಹತ್ತಿ ಹುಡುಕಿದ್ರಂತೆ. ಈಗ ಫೋನ್ ಮಾಡಿದ್ರು."

ಗುಬ್ಬಿಯಲ್ಲಿ ಬೆಲ್ಲು ಹೊಡೆಯಿತು.

"ಪರವಾಗಿಲ್ಲ," ಎಂದಳು ಹೊಸ ಮಿಸ್ಸು, ತಪ್ಪು ಲೆಕ್ಕ ತೋರಿಸಲು ಬಂದ ಮಗುವಿಗೆ ಹೇಳುವ ದನಿಯಲ್ಲಿ. "ಮಲ್ಕೊಳ್ಳಿ ಮೇಡಂ."

ಪ್ರಿನ್ಸಿಪಾಲರಿಗೆ ರಜೆಯ ಮೆಸೇಜು ಹಾಕಿದೆ. ಆಮೇಲೆ, ವಿದ್ಯಾರ್ಥಿಗಳು ಮಾತು ಕೇಳುವುದಿಲ್ಲವೆಂದು ದೂರುತ್ತಿದ್ದ ನಾನು, ವಿದ್ಯಾರ್ಥಿನಿಯ ಮಾತನ್ನು ಅಕ್ಷರಶಃ ಪಾಲಿಸಿದೆ.